ನಿಂತ ಕಾರಿನ ಬ್ರೇಕು

ಓಡಿಸುವುದೊಂದನ್ನು ಬಿಟ್ಟು ಕಾರಿಗೆ ಮಾಡಬಹುದಾದ ಉಪಚಾರಗಳನ್ನೆಲ್ಲ ಆ ಮನೆಯವರು ಮಾಡುತ್ತಿದ್ದರು. ಮಾವ ಬೆಳಗಾದರೆ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಒರೆಸಿ, ಸ್ವಲ್ಪ ಹೊತ್ತು ಎಂಜಿನ್ ಶುರುಮಾಡಿ ಅದರ ಸದ್ದು ಕೇಳಿಸಿಕೊಂಡು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದರು. ಗಂಡ ಭಾನುವಾರ ಬಂತೆಂದರೆ ಬಕೆಟ್ಟುಗಟ್ಟಲೆ ನೀರು ಹೊಯ್ದು ಅದಕ್ಕೆ ಸ್ನಾನ ಮಾಡಿಸಿ, ಮೈ ಆರುವ ಮೊದಲೇ ನೀಲಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿಯುತ್ತಿದ್ದ. ಅತ್ತೆ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಸೊಸೆ ಒಬ್ಬಳು ಮಾತ್ರ ಅದರ ಚಕ್ರಗಳ ಕಡೆ ನೋಡುತ್ತಿದ್ದಳು, ನೋಡಿ ಹಲ್ಲು ಕಚ್ಚುತ್ತಿದ್ದಳು.

ಕಾರು ನಿಂತದ್ದು ಮನೆಯ ಪಕ್ಕದ ಸೂರಿಲ್ಲದ ಜಾಗದಲ್ಲಿ, ಕಾಂಪೌಂಡಿಗೆ ಅಂಟಿಕೊಂಡಂತೆ. ನೆಲ ಗೇಟಿನ ಕಡೆಗೆ ತುಸು ಇಳಿಜಾರು. ಮಳೆ ಬಂದರೆ ಮಾಳಿಗೆಯ ನೀರೆಲ್ಲ ಅದರ ಹೊಟ್ಟೆಯಡಿಯಲ್ಲೇ ಹರಿದು ಹೋಗುತ್ತಿತ್ತು. ಚಕ್ರಗಳ ಸುತ್ತ ಹುಲ್ಲು ಬೆಳೆದು, ಅದರೊಳಗೆ ಒಂದು ಕಪ್ಪೆ ಸಂಸಾರ ಹೂಡಿತ್ತು.

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಅವರು ಮೊದಲು ಕೊಂಡದ್ದೇ ಈ ಬೂದು ಬಣ್ಣದ ಸಣ್ಣ ಕಾರು. ‘ಬಸ್ಸಿನ ತುಂಬ ಜನರನ್ನ ಹೊತ್ತು ತಿರುಗಿದೀನಿ, ನಿಮ್ಮ ನಾಲ್ಕು ಜನರದ್ದು ಯಾವ ಲೆಕ್ಕ’ ಎಂದು ಎರಡು ವರ್ಷ ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಾಡಿದರು. ಮೊಮ್ಮಗಳಿಗೆ ಅವರಿಟ್ಟ ಹೆಸರು ಕಂಡಕ್ಟರ್. ಹಿಂದಿನ ಸೀಟಿನಿಂದ ಅವಳು ‘ರೈಟ್, ರೈಟ್’ ಅನ್ನದ ಹೊರತು ಕಾರು ಜಪ್ಪಯ್ಯ ಎಂದರೂ ಹೊರಡುತ್ತಿರಲಿಲ್ಲ. ಆಮೇಲೆ ಒಂದು ದಿನ ಗೇಟಿನ ಕಂಬಕ್ಕೆ ಕನ್ನಡಿ ತಗಲಿಸಿದರು. ಇನ್ನೊಂದು ದಿನ ಪಕ್ಕದಿಂದ ಬಂದ ಸೈಕಲ್ಲು ಕಾಣಲೇ ಇಲ್ಲ ಎಂದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಮಾವನನ್ನು ಹೊರಗೆ ಕೂರಿಸಿ, ಮಗನೊಬ್ಬನನ್ನೇ ಒಳಗೆ ಕರೆದು ಹೇಳಿದರು: ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಡ್ರಾಪ್ಸ್ ಹಾಕುತ್ತಿರಬೇಕು, ಗಾಡಿ ಓಡಿಸುವ ಮಾತೇ ಬೇಡ.

ಗಂಡ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗಾಜು ಬದಲಿಸಿ ಬದಲಿಸಿ ‘ಈಗ ಕಾಣುತ್ತಾ? ಈಗ?’ ಎಂದು ಊರವರನ್ನೆಲ್ಲ ಕೇಳುವವನಿಗೆ ಸ್ವಂತ ಅಪ್ಪನ ಮುಂದೆ ನಾಲಿಗೆ ಏಳಲಿಲ್ಲ. “ಆರು ತಿಂಗಳು ಡ್ರಾಪ್ಸ್ ಹಾಕಿ ನೋಡೋಣ ಅಂದ್ರಪ್ಪಾ. ಅಲ್ಲೀತನಕ ಓಡಿಸೋದು ಬೇಡ್ವಂತೆ” ಎಂದುಬಿಟ್ಟ. ಹೆಂಡತಿಗೆ ಮಾತ್ರ ನಿಜ ಹೇಳಿ, ಬಾಯಿಗೆ ಬೀಗ ಹಾಕಿಸಿದ. ಆ ಆರು ತಿಂಗಳು ಮುಗಿದು ಎಷ್ಟೋ ಕಾಲವಾಗಿತ್ತು. ಯಾರೂ ಅದರ ಸುದ್ದಿ ಎತ್ತಿರಲಿಲ್ಲ.

ಸುದ್ದಿ ಎತ್ತಬೇಕಾಗಿ ಬಂದದ್ದು ಸೊಸೆಯ ಕೆಲಸದಿಂದ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಊರ ಹೊರಗೆ ಹೊಸ ಶಾಖೆ ತೆರೆಯುತ್ತಿದ್ದರು, ಅದನ್ನು ನೋಡಿಕೊಳ್ಳಲು ಇವಳನ್ನೇ ಆರಿಸಿದ್ದರು. ತನಗಿಂತ ಕಿರಿಯರೆಲ್ಲ ಮೇಲೆ ಹೋದದ್ದನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವಳಿಗೆ ಅಂತೂ ಸಿಕ್ಕ ಅವಕಾಶ. ಆದರೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರಿಗಾಗಿ ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯಬೇಕು. ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಮಧ್ಯಾಹ್ನ ಐಸ್ ಪೆಟ್ಟಿಗೆಗಳಲ್ಲಿ ಸ್ಯಾಂಪಲ್ಲುಗಳನ್ನು ದೊಡ್ಡ ಲ್ಯಾಬಿಗೆ ತಂದು ಮುಟ್ಟಿಸುವುದೂ ಅವಳದೇ ಜವಾಬ್ದಾರಿ. “ನಿಮ್ಮನೇಲಿ ಕಾರಿದೆಯಲ್ಲ, ಲೈಸೆನ್ಸೂ ಇದೆ” ಎಂದಿದ್ದರು ಮೇಲಿನವರು. “ಮುಂದಿನ ತಿಂಗಳ ಮೊದಲ ಸೋಮವಾರ ಶುರು. ಆಗಲ್ಲ ಅಂದ್ರೆ ಈಗಲೇ ಹೇಳಿ, ಬೇರೆಯವರು ಕಾಯ್ತಾ ಇದ್ದಾರೆ.”

ಅವಳು ಆಗುತ್ತೆ ಎಂದು ಹೇಳಿ ಬಂದಿದ್ದಳು.

ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ, ಮಾವನ ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸುತ್ತಾ ವಿಷಯ ತೆಗೆದಳು.

“ಮಾವ, ಮುಂದಿನ ತಿಂಗಳಿಂದ ನನಗೆ ಕಾರು ಬೇಕಾಗುತ್ತೆ.”

“ಎಲ್ಲಿಗೆ ಹೋಗ್ಬೇಕು? ಹೇಳು.”

“ಒಂದಿನಕ್ಕಲ್ಲ ಮಾವ. ದಿನಾ, ಕೆಲಸಕ್ಕೆ.”

ಮಾವನ ಕೈ ತಟ್ಟೆಯಲ್ಲೇ ನಿಂತಿತು. “ಅದೇನು ಛತ್ರಿನಾ, ಬೇಕಾದಾಗ ಬಾಗಿಲ ಹಿಂದಿಂದ ತಗೊಂಡು ಹೋಗೋಕೆ?”

“ನನಗೂ ಓಡಿಸೋಕೆ ಬರುತ್ತೆ ಮಾವ.”

“ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಬರುತ್ತೆ. ಅಲ್ಲಿ ಪಕ್ಕದಲ್ಲಿ ಕೂತೋನ ಕಾಲಡೀಲೂ ಒಂದು ಬ್ರೇಕ್ ಇರುತ್ತೆ.”

ಕಂಡಕ್ಟರ್ ಕಿಸಕ್ಕನೆ ನಕ್ಕಳು. ಅಮ್ಮ ಕಣ್ಣು ಬಿಟ್ಟದ್ದು ನೋಡಿ ನೀರು ಕುಡಿದಳು.

“ನನ್ನ ಕಣ್ಣೊಂದು ಸರಿಹೋಗ್ಲಿ” ಎಂದರು ಮಾವ, ಅನ್ನ ಕಲಸುತ್ತಾ. “ನಾನೇ ದಿನಾ ಬಿಟ್ಟು ಬರ್ತೀನಿ. ಅಲ್ವೇನೋ?”

ಅಲ್ವೇನೋ ಎಂದದ್ದು ಮಗನಿಗೆ. ಮಗ ಪಲ್ಯದಲ್ಲಿ ಏನೋ ಹುಡುಕುತ್ತಾ “ಹ್ಞೂಂ, ನೋಡೋಣಪ್ಪಾ” ಎಂದ. ಸೊಸೆ ಅನ್ನದ ಪಾತ್ರೆಯನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ಅತ್ತೆ ಬಗ್ಗಿ ಅದರ ತಳ ನೋಡಿದರು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಅವಳು ಗಂಡನನ್ನು ಹಿಡಿದು ಪಿಸುದನಿಯಲ್ಲಿ ಕೇಳಿದಳು.

“ರೀ, ಹೇಳ್ಬಾರದಾ? ಇನ್ನು ಎಷ್ಟು ದಿನ ಹೀಗೆ?”

“ಹೇಳೋಣ ಕಣೇ. ಒಂದು ಸಮಯ ನೋಡಿ ಹೇಳೋಣ.”

“ಆ ಸಮಯ ಯಾವ ಬಸ್ಸಿಗೆ ಬರುತ್ತೆ?”

“ಅದಲ್ಲ... ಅವರು ದಿನಾ ಬೆಳಿಗ್ಗೆ ಏಳೋದೇ ಆ ಕಾರಿಗೋಸ್ಕರ. ಅದನ್ನೂ ಕಿತ್ಕೊಂಡ್ರೆ...”

ಅವನದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಇತ್ತಲೂ ಬೆಳಕಿಲ್ಲ, ಅತ್ತಲೂ ಬೆಳಕಿಲ್ಲ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ ಅವನ ಉಳಿದ ಮಾತು ಕೇಳಿಸದ ಹಾಗೆ ಮಾಡಿದಳು. ಪಕ್ಕದಲ್ಲಿ ಅತ್ತೆ, ತೊಳೆದ ಕಾವಲಿಯನ್ನು ಒಲೆಯ ಮೇಲೆ ಒಣಗಿಸಿ, ಬಟ್ಟೆಚೂರನ್ನು ಎಣ್ಣೆಯ ಬಟ್ಟಲಿಗೆ ಅದ್ದಿ ಒರೆಸುತ್ತಿದ್ದರು. ಮನೆಯ ಯಾವ ಕಬ್ಬಿಣಕ್ಕೂ ತುಕ್ಕು ಹಿಡಿಯಲು ಅವರು ಬಿಟ್ಟವರಲ್ಲ. ಬಾಣಲೆ, ಕತ್ತರಿ, ಗೇಟಿನ ಚಿಲಕ, ಎಲ್ಲಕ್ಕೂ ಅದೇ ಬಟ್ಟಲು, ಅದೇ ಬಟ್ಟೆ.

“ಕಬ್ಬಿಣಕ್ಕೆ ಎಣ್ಣೆ, ಗಂಡಸರಿಗೆ ಊಟ. ಎರಡನ್ನೂ ಕೇಳಿ ಕೊಡಬಾರದು ಕಣಮ್ಮಾ, ಕೊಟ್ಟುಬಿಡಬೇಕು” ಎಂದರು ಅತ್ತೆ. ಜಗಳ ತಣ್ಣಗಾಗಲಿ ಎಂದು ಹೇಳಿದ ಮಾತದು. ತಣ್ಣಗಾಗಲಿಲ್ಲ.

ಮಳೆ ಹಿಡಿದುಕೊಂಡಿತು. ಒಂದು ದಿನ ಸೊಸೆ ಬಗ್ಗಿ ನೋಡಿದರೆ ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕಿನ ತಟ್ಟೆ ಇಟ್ಟಿಗೆಪುಡಿ ಬಳಿದ ಹಾಗೆ ಕೆಂಪಗಾಗಿತ್ತು. ಅವಳು ಫೋನಿನಲ್ಲಿ ಹುಡುಕಿ ಓದಿದಳು, ಡ್ರೈವಿಂಗ್ ಸ್ಕೂಲಿನವರನ್ನೂ ಕೇಳಿದಳು. ಎಲ್ಲರೂ ಹೇಳಿದ್ದು ಒಂದೇ. ಬಯಲಲ್ಲಿ ಬಹಳ ದಿನ ನಿಲ್ಲುವ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬಾರದು, ತೇವಕ್ಕೆ ಒಳಗೇ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ತೊಳೆದರೆ ಒಣಗಿಸದೆ ಮುಚ್ಚಬಾರದು. ಎಲ್ಲಕ್ಕಿಂತ ಒಳ್ಳೆಯದು, ವಾರಕ್ಕೊಮ್ಮೆಯಾದರೂ ಒಂದು ಸುತ್ತು ಓಡಿಸಿ ನಾಲ್ಕು ಸಲ ಬ್ರೇಕ್ ಒತ್ತುವುದು.

ಚಹಾ ಕುಡಿಯುವಾಗ ಇದನ್ನೆಲ್ಲ ಮಾವನಿಗೆ ಹೇಳಿದಳು. ಹೇಳಿದ್ದೇ ತಪ್ಪಾಯಿತು.

“ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಯೋನು ಡ್ರೈವರೇ ಅಲ್ಲ” ಎಂದರು ಮಾವ, ಕಡ್ಡಿ ಮುರಿದಂತೆ. “ನನ್ನ ಸರ್ವಿಸ್ನಲ್ಲಿ ಒಂದು ದಿನ ಅದನ್ನ ಎಳೆಯದೆ ಕೆಳಗೆ ಕಾಲಿಟ್ಟಿಲ್ಲ. ಟೀ ಕುಡಿಯೋಕೆ ಇಳಿದ್ರೂ ಎಳೆದೇ ಇಳೀತಿದ್ದೆ.”

“ಬಸ್ಸು ದಿನಾ ಓಡ್ತಿತ್ತು ಮಾವ. ಇದು ನಿಂತಿದೆ.”

“ನಿಂತಿದೆ ಅಂತ ಅದೇನು ಗುಜರಿನಾ? ಫೋನು ನೋಡಿ ನನಗೆ ಡ್ರೈವಿಂಗ್ ಕಲಿಸ್ತೀಯಾ?”

“ಹಾಗಾದ್ರೆ ವಾರಕ್ಕೊಂದು ಸಲ ನಾನು ಬೀದಿ ಕೊನೆವರೆಗೆ ಹೋಗಿ ಬರ್ತೀನಿ. ನೀವೂ ಕೂತ್ಕೊಳ್ಳಿ.”

“ಬೇಡ ಅಂದ್ನಲ್ಲ!”

ಲೋಟ ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿತು. ಸೊಸೆ ಒರೆಸುವ ಬಟ್ಟೆ ತರಲು ಎದ್ದಳು. ಅವಳಿಗೆ ಪಿತ್ತ ನೆತ್ತಿಗೇರಿತ್ತು.

ಅವತ್ತಿನಿಂದ ಮನೆಯಲ್ಲಿ ತುಟಿಪಿಟಕ್ಕೆನ್ನದ ಒಂದು ಯುದ್ಧ ಶುರುವಾಯಿತು. ಮಾವ ಬೆಳಿಗ್ಗೆ ಎಂಜಿನ್ ಶುರುಮಾಡಲು ಹೋದಾಗ ಅವಳು ತಿಂಡಿಯ ಗಡಿಬಿಡಿಯಲ್ಲಿರುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ‘ಕರಕರ’ ಎಂದು ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಕೇಳಿಸುತ್ತಿತ್ತು. ಅವರು ಸ್ನಾನಕ್ಕೆ ಹೋದದ್ದೇ ತಡ, ಇವಳು ಗೂಟಕ್ಕೆ ನೇತುಹಾಕಿದ ಅಂಗಿಯಿಂದ ಕೀಲಿ ತೆಗೆದು ಹೊರಗೆ ಓಡಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಮುಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟು ಬರುತ್ತಿದ್ದಳು. ಸಂಜೆ ಕೆಲಸದಿಂದ ಬಂದು ನೋಡಿದರೆ ಕಲ್ಲುಗಳು ಕಾಂಪೌಂಡಿನ ಮೂಲೆಯಲ್ಲಿ ಒಂದರ ಪಕ್ಕ ಒಂದು ಕೂತಿರುತ್ತಿದ್ದವು, ಹ್ಯಾಂಡ್‌ಬ್ರೇಕ್ ಆಕಾಶ ನೋಡುತ್ತಿರುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಊಟದ ಹೊತ್ತಿಗೆ ಇಬ್ಬರೂ “ಉಪ್ಪು ಕೊಡಿ”, “ನೀರು ಇಡು” ಎಂದಷ್ಟೇ ಆಡುತ್ತಿದ್ದರು.

ಭಾನುವಾರದ ಸ್ನಾನವನ್ನು ನಿಲ್ಲಿಸಲೂ ಅವಳಿಂದಾಗಲಿಲ್ಲ.

“ರೀ, ಒದ್ದೆ ಮಾಡಿ ಮುಚ್ಚಬೇಡಿ, ಒಳಗೆ ಬೆವರುತ್ತೆ.”

“ಮುಚ್ಚದೆ ಬಿಟ್ರೆ ಮಳೆ ಬೀಳುತ್ತಲ್ವೇ?”

“ತೊಳೆಯೋದನ್ನೇ ಬಿಡಿ.”

“ಅಪ್ಪ ಬೇಜಾರು ಮಾಡ್ಕೋತಾರೆ. ಅವರಿಗೋಸ್ಕರ ನಾನು ಮಾಡೋದು ಇದೊಂದೇ.”

ಒಬ್ಬೊಬ್ಬರದೂ ಒಂದೊಂದು ಪ್ರೀತಿ. ಅಷ್ಟೂ ಪ್ರೀತಿ ಸೇರಿ ಆ ಕಾರನ್ನು ತಿನ್ನುತ್ತಿತ್ತು. ಇವಳಾದರೂ ಗಟ್ಟಿಯಾಗಿ ಕೂತು ಮಾತಾಡಿದಳೇ? ಅದೂ ಇಲ್ಲ. ಕಳ್ಳಿಯಂತೆ ಕೀಲಿ ಎಗರಿಸಿ ಕಲ್ಲು ಕೊಡುತ್ತಿದ್ದಳು, ಮಾವ ಅದನ್ನು ಎಸೆಯುತ್ತಿದ್ದರು, ವಾರಗಳು ಉರುಳುತ್ತಿದ್ದವು. ಕೊನೆಕೊನೆಗೆ ಲ್ಯಾಬಿನಲ್ಲಿ ಹೊಸ ಶಾಖೆಯ ಕೆಲಸ ಹೆಚ್ಚಾಗಿ ಅವಳಿಗೆ ಕಲ್ಲು ಕೊಡಲೂ ಪುರಸೊತ್ತಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದದ್ದು ಎಳೆದ ಹಾಗೇ ಉಳಿಯಿತು.

ಹೇಳಿದ ಸೋಮವಾರ ಹತ್ತಿರ ಬಂದಾಗ ಅವಳು ತಡೆದುಕೊಳ್ಳಲಿಲ್ಲ. ಬುಧವಾರ ಸಂಜೆ ಚಪ್ಪಲಿ ಕೂಡ ಬಿಡದೆ ಮಾವನ ಮುಂದೆ ನಿಂತು ಕೈ ಚಾಚಿದಳು.

“ಮಾವ, ಕೀಲಿ ಕೊಡಿ. ಕಾರು ಹೊರಡುತ್ತಾ ಇಲ್ವಾ ಅಂತಾದ್ರೂ ನೋಡ್ತೀನಿ. ಹೊರಡಲಿಲ್ಲ ಅಂದ್ರೆ ನಾಳೆ ಲ್ಯಾಬಿನವರಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ. ಈ ಜನ್ಮಕ್ಕೆ ಇನ್ನೊಂದು ಸಲ ನನ್ನನ್ನ ಕೇಳಲ್ಲ ಅವರು.”

ಅವಳ ದನಿಯಲ್ಲಿ ಏನಿತ್ತೋ, ಮಾವ ಜೇಬಿಗೆ ಕೈ ಹಾಕಿದರು. “ನೋಡು. ನನ್ನ ಗಾಡಿ ಹೇಗಿಟ್ಟಿದೀನಿ ಅಂತ ನೀನೂ ನೋಡು” ಎಂದರು ಜಂಬದಿಂದ.

ಎಂಜಿನ್ ಒಂದೇ ಸಲಕ್ಕೆ ಗುರ್ ಎಂದಿತು. ಮಾವ ಎದೆ ಉಬ್ಬಿಸಿದರು. ಅವಳು ಹ್ಯಾಂಡ್‌ಬ್ರೇಕ್ ಇಳಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟಳು. ಕಾರು ಮುಂದಕ್ಕೆ ಹೋಗುವ ಬದಲು ಹಿಂಭಾಗವನ್ನು ನೆಲಕ್ಕೆ ಒತ್ತಿ ಕುಕ್ಕರಗಾಲಲ್ಲಿ ಕೂತಿತು. ಆಕ್ಸಿಲರೇಟರ್ ಇನ್ನಷ್ಟು ಒತ್ತಿದಳು. ಎಂಜಿನ್ ಕೆಮ್ಮಿ ನಿಂತಿತು. ಹಿಂದಿನ ಚಕ್ರಗಳು ಕೂದಲೆಳೆಯಷ್ಟೂ ಕದಲಿರಲಿಲ್ಲ.

“ಕಚ್ಕೊಂಡಿದೆ” ಎಂದಳು. ಅವಳಿಗೆ ಅಳು ಬರುವಂತಾಗಿತ್ತು, ಅದು ಬೈಗುಳವಾಗಿ ಹೊರಬಂತು. “ಬೇಡ ಬೇಡ ಅಂತ ಬಡ್ಕೊಂಡೆ. ಒಬ್ಬರಾದ್ರೂ ಕಿವಿಗೆ ಹಾಕ್ಕೊಂಡ್ರಾ? ನೀವು ಎಳೆದ್ರಿ, ನಿಮ್ಮ ಮಗ ನೀರು ಹೊಯ್ದ್ರು. ಇನ್ನು ಈ ಕಾರಲ್ಲಿ ಹೂವಿನ ಗಿಡ ನೆಡಿ!”

“ನೀನು ದಿನಾ ಕದ್ದು ಇಳಿಸಿ ಇಳಿಸಿ ಕೇಬಲ್ ಹಾಳು ಮಾಡಿದೀಯ” ಎಂದರು ಮಾವ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ಜಗಳ ಆಡೋರೆಲ್ಲ ಕೆಳಗಿಳೀರಿ, ಬಸ್ಸು ಡಿಪೋಗೆ ಹೋಗುತ್ತೆ” ಎಂದಳು ಕಂಡಕ್ಟರ್ ಮೆಟ್ಟಿಲ ಮೇಲಿಂದ. ಯಾರೂ ನಗಲಿಲ್ಲ.

ಬೀದಿ ತಿರುವಿನ ಮೆಕ್ಯಾನಿಕ್ ಶುಕ್ರವಾರ ಬರ್ತೀನಿ ಎಂದವನು ಶನಿವಾರ ಬಂದ. ಬಂದವನು ಕಾರಿಗಿಂತ ಮೊದಲು ತನ್ನ ಬೆನ್ನುನೋವಿನ ಕತೆ ಹೇಳಿದ. ಆಮೇಲೆ ಜಾಕ್ ಕೊಟ್ಟು, ಹಿಂದಿನ ಚಕ್ರ ಬಿಚ್ಚಿ, ಒಳಗಿನ ಬ್ರೇಕ್ ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಬಡಿಯುತ್ತಾ ಹೋದ. ಬೀದಿಗೆಲ್ಲ ಕೇಳಿಸುವ ಹಾಗೆ ಡಬ್ಬೆಂದು ಒಂದು ಬಿಟ್ಟುಕೊಂಡಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಒಳಗಿಂದ ಕೆಂಪು ಪುಡಿ ಸೇರುಗಟ್ಟಲೆ ಉದುರಿತು. ಮುಂದಿನ ಚಕ್ರಗಳನ್ನೂ ಬಿಚ್ಚಿ, ಬ್ರೇಕಿನ ತಟ್ಟೆಗಳನ್ನು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ. ಅಷ್ಟರಲ್ಲಿ ಅವನಿಗೆ ಇನ್ನೆಲ್ಲಿಂದಲೋ ಫೋನು ಬಂತು. “ಊಟ ಮುಗಿಸಿ ಬಂದು ಚಕ್ರ ಹಾಕ್ತೀನಿ” ಎಂದು ಎಲ್ಲವನ್ನೂ ಹಾಗೇ ಬಿಟ್ಟು ಹೋದ.

ಸೊಸೆ ಒಳಗೆ ಸೋಮವಾರದ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಹೊರಗಿಂದ ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಬಂದದ್ದು ಕಂಡಿತು. ಗೇಟಿನ ಚಿಲಕಕ್ಕೆ ಇರಬೇಕು ಎಂದುಕೊಂಡಳು. ಅತ್ತೆ ಕೈ ತೊಳೆಯುತ್ತಾ, “ಪಾಪ, ಎಷ್ಟು ಚೆನ್ನಾಗಿ ಉಜ್ಜಿದ್ದಾನೆ ಕಣಮ್ಮಾ ಆ ಹುಡುಗ” ಎಂದರು. ಇವಳು ಹ್ಞೂಂ ಎಂದಳು, ಕಾಲರಿನ ಸುಕ್ಕು ತೆಗೆಯುತ್ತಾ.

ಮೆಕ್ಯಾನಿಕ್ ತಡವಾಗಿ ಬಂದು, ಗಡಿಬಿಡಿಯಲ್ಲಿ ಚಕ್ರ ಹಾಕಿ, ಬೋಲ್ಟು ಬಿಗಿದು, “ರೋಡಲ್ಲಿ ಮೆಲ್ಲಗೆ ನಾಲ್ಕು ಸಲ ಬ್ರೇಕ್ ಒತ್ತಿ, ಉಳಿದ ತುಕ್ಕು ತಾನೇ ಹೋಗುತ್ತೆ” ಎಂದು ಬೆನ್ನು ಹಿಡಿದುಕೊಂಡು ಹೊರಟ.

ಇನ್ನೂ ಬಿಸಿಲಿತ್ತು. “ಈಗಲೇ ಒಂದು ಸುತ್ತು ಹೋಗಿ ಬರ್ತೀನಿ” ಎಂದಳು ಸೊಸೆ. ಮಾವ ಕೀಲಿ ಕೊಡುವ ಬದಲು ತಾವೇ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ಆ ಸೀಟಿನಲ್ಲಿ ಅವರು ಕೂತದ್ದನ್ನು ಯಾರೂ ಯಾವತ್ತೂ ನೋಡಿರಲಿಲ್ಲ. “ಗಾಡಿ ನಂದು. ನಾನಿಲ್ಲದೆ ಗೇಟು ದಾಟಬಾರದು” ಎಂದು ಕೀಲಿ ಚಾಚಿದರು.

ಗಂಡ ಗೇಟು ತೆಗೆದ. ಕಂಡಕ್ಟರ್ ಗೇಟಿನ ಪಕ್ಕ ನಿಂತು ಕಾರಿನ ಬೆನ್ನು ತಟ್ಟಿ “ರೈಟ್, ರೈಟ್” ಎಂದಳು. ಕಾರು ಹೊರಟಿತು. ಸೊಸೆಗೆ ಎಷ್ಟೋ ವಾರಗಳ ಮೇಲೆ ಉಸಿರು ಸಲೀಸಾಗಿ ಬಂತು.

ಬೀದಿ ಉದ್ದಕ್ಕೂ ಇಳಿಜಾರು. ಕೊನೆಯಲ್ಲಿ ಅಡ್ಡರಸ್ತೆ, ಅದರಾಚೆ ಗೋದಾಮಿನ ಸುಣ್ಣ ಬಳಿದ ದೊಡ್ಡ ಗೋಡೆ. ಮಾವ ಬಾಯಿ ಸುಮ್ಮನಿರಿಸಲಿಲ್ಲ. “ಎರಡನೇ ಗೇರ್. ಕ್ಲಚ್ ಮೇಲೆ ಕಾಲಿಟ್ಕೊಂಡು ಮಲಗ್ಬೇಡ. ಹಾರ್ನ್ ಹೊಡಿ.” ಅವಳು ಹಲ್ಲು ಕಚ್ಚಿ ಓಡಿಸಿದಳು. ಅರ್ಧ ಬೀದಿ ಕಳೆದ ಮೇಲೆ ಮೆಕ್ಯಾನಿಕ್ ಹೇಳಿದ್ದು ನೆನಪಾಗಿ ಬ್ರೇಕ್ ಒತ್ತಿದಳು. ಪೆಡಲು ಗಟ್ಟಿಯಾಗಿಯೇ ಇತ್ತು. ಕಾರು ನಿಲ್ಲಲಿಲ್ಲ. ತುಸು ಹಿಂಜರಿದ ಹಾಗೆ ಮಾಡಿ ಮತ್ತೆ ಜಾರಿತು. ಇನ್ನೊಮ್ಮೆ, ಸೀಟಿನಿಂದ ಎದ್ದು ನಿಂತ ಹಾಗೆ, ಎರಡೂ ಕಾಲಿನ ಬಲ ಹಾಕಿ ಒತ್ತಿದಳು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಗೋಡೆ ಬೆಳ್ಳಗೆ ದೊಡ್ಡದಾಗುತ್ತಾ ಎದುರಿಗೆ ಬರುತ್ತಿತ್ತು.

ಕರಕರಕರ ಎಂದಿತು ಹ್ಯಾಂಡ್‌ಬ್ರೇಕ್. ಹಿಂದಿನ ಚಕ್ರಗಳು ಕಿರುಚಿಕೊಂಡವು. ಕಾರು ಅಡ್ಡರಸ್ತೆಯ ನಡುವೆ, ಗೋಡೆಯಿಂದ ಒಂದು ಮಾರು ದೂರದಲ್ಲಿ ನಿಂತಿತು.

ಸ್ಟೇರಿಂಗ್ ಹಿಡಿದು ಕೂತವಳಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಉಜ್ಜಿ ಬೆಳ್ಳಗೆ ಮಾಡಿದ ಮುಂದಿನ ಚಕ್ರದ ತಟ್ಟೆಗಳು. ಎಣ್ಣೆಯ ಬಟ್ಟಲು. ಬೆಳ್ಳಗೆ ಹೊಳೆಯುವ ಕಬ್ಬಿಣ ಕಂಡರೆ ಅತ್ತೆಯ ಕೈ ಸುಮ್ಮನಿರುತ್ತದೆಯೇ? ಕಾವಲಿಗೆ ಸವರಿದ ಹಾಗೆ ಸವರಿ ಬಂದಿದ್ದರು, ಇನ್ನೊಂದು ಸಲ ತುಕ್ಕು ಹಿಡಿಯದಿರಲಿ ಎಂದು. ಸಿಟ್ಟು ಉಕ್ಕಿ ಬಂತು. ಅತ್ತೆಯ ಮೇಲೆ, ನೀರು ಹೊಯ್ದ ಗಂಡನ ಮೇಲೆ, ಈಗ ‘ನೋಡಿದ್ಯಾ ಹ್ಯಾಂಡ್‌ಬ್ರೇಕ್ ಏನು ಅಂತ’ ಎಂದು ಸಾಯುವವರೆಗೂ ಹಂಗಿಸಲಿರುವ ಈ ಮಾವನ ಮೇಲೆ. ಬಾಯಿ ತೆಗೆಯಲೆಂದು ಅವರ ಕಡೆ ತಿರುಗಿದಳು.

ಮಾವ ಲಿವರಿನ ಮೇಲಿಂದ ಕೈ ತೆಗೆದಿರಲಿಲ್ಲ. ಮುಖ ನೇರವಾಗಿ ಮುಂದಕ್ಕಿತ್ತು.

“ಎದುರಿಗೆ ಏನಿತ್ತಮ್ಮಾ?” ಎಂದರು.

ಕುಟುಕುತ್ತಿದ್ದಾರೆ ಎಂದುಕೊಂಡಳು ಅವಳು. ಗೋಡೆ ಅಲ್ಲೇ ಇತ್ತು. ಬಿಸಿಲು ಬಿದ್ದು ಕಣ್ಣು ಕುಕ್ಕುವ ಹಾಗೆ.

“ಗೋಡೆ ಮಾವ. ಗೋದಾಮಿನ ಗೋಡೆ.”

“ಹೌದಾ. ನಾನು ಲಾರಿ ಬಂತೇನೋ ಅಂದ್ಕೊಂಡೆ.”

“ಮತ್ತೆ... ಹೇಗೆ ಎಳೆದ್ರಿ?”

“ನಿನ್ನ ಕಾಲು ಎರಡು ಸಲ ಒತ್ತಿದ್ದು ಕೇಳಿಸ್ತು. ಒಂದೇ ಸಲ ಒತ್ತಬೇಕಾದ್ದು.”

ಮಾವನೇ ಮುಂದುವರಿಸಿದರು, ಯಾರೋ ಕೇಳಿಸಿಕೊಳ್ಳುತ್ತಾರೆ ಎಂಬ ಹಾಗೆ ದನಿ ತಗ್ಗಿಸಿ. “ಎರಡೂ ಪಕ್ಕ ಪೂರ್ತಿ ಹೋಗಿದೆ. ನಡುವೆ ಒಂಚೂರು, ಅದೂ ಮಸಿ ಮೆತ್ತಿದ ಹಾಗೆ. ಸರಿಹೋಗಲ್ಲ ಅದು. ಡಾಕ್ಟ್ರು ಪಕ್ಕದಲ್ಲಿ ಬೆರಳು ಆಡಿಸಿದ್ದು ಕಾಣದೆ ಹೋದಾಗ್ಲೇ ನನಗೆ ಗೊತ್ತಾಯ್ತು.”

“ಮತ್ತೆ ಇಷ್ಟು ದಿನ ಕೀಲಿ ಕೊಡದೆ...”

“ನಿನ್ನ ಕೈಗೆ ಕೀಲಿ ಕೊಟ್ಟಿದ್ರೆ ಅವನಿಗೆ ತಿಳಿದುಹೋಗ್ತಿತ್ತಲ್ಲ, ಇನ್ನು ನಾನು ಓಡಿಸಲ್ಲ ಅಂತ. ಪಾಪ, ಅವನು ನಂಬ್ಕೊಂಡಿದ್ದಾನೆ, ಅಪ್ಪಂಗೆ ಸರಿಹೋಗುತ್ತೆ ಅಂತ. ಪ್ರತಿ ಭಾನುವಾರ ಎಷ್ಟು ಆಸೆಯಿಂದ ತೊಳೀತಾನೆ. ಅವನಿಗೆ ಹೇಳ್ಬೇಡ.”

ನಗಬೇಕೋ, ತಲೆಯನ್ನು ಸ್ಟೇರಿಂಗಿಗೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಹಿಂದೆ ಯಾವುದೋ ವ್ಯಾನು ಹಾರ್ನ್ ಹೊಡೆಯತೊಡಗಿತ್ತು. ಗಂಡ ಏದುಸಿರು ಬಿಡುತ್ತಾ ಓಡಿಬಂದ, ಅವನ ಹಿಂದೆ ಮಗಳು. ಅವನು ಕಾರನ್ನು ನೋಡಿದ, ಗೋಡೆಯನ್ನು ನೋಡಿದ, ಅಪ್ಪನ ಕೈ ಎಲ್ಲಿದೆ ಎಂದು ನೋಡಿದ. ಹೆದರಿದ ಮುಖ ಅರಳಿತು.

“ಅಪ್ಪಾ, ನೀವು ಎಳೆದ್ರಾ? ಸಮಯಕ್ಕೆ ಸರಿಯಾಗಿ ನೋಡಿದ್ರಲ್ಲಪ್ಪಾ!” ಎಂದು ಕಿಟಕಿಯೊಳಗೆ ಬಗ್ಗಿದ. “ನೋಡಿದ್ಯೇನೇ? ಡ್ರಾಪ್ಸ್ ಕೆಲಸ ಮಾಡ್ತಾ ಇದೆ!”

“ಹ್ಞೂಂ ಕಣಪ್ಪಾ” ಎಂದರು ಮಾವ. “ಈಗೀಗ ಪರವಾಗಿಲ್ಲ.”

ಸೊಸೆ ಇಬ್ಬರ ಮುಖವನ್ನೂ ನೋಡಿದಳು. ಅಪ್ಪನಿಗಾಗಿ ಮಗ, ಮಗನಿಗಾಗಿ ಅಪ್ಪ. ನಡುವೆ ತಾನು, ತನ್ನ ಕೆಲಸ, ಕಚ್ಚಿಕೊಂಡ ಚಕ್ರ. ಇನ್ನು ಸಾಕು ಎನ್ನಿಸಿತು.

“ಮಾವನಿಗೆ ಕಾಣಲ್ಲ” ಎಂದಳು. “ಗೋಡೆ ಕಾಣಲಿಲ್ಲ ಅವರಿಗೆ. ಇನ್ನು ಸರಿಹೋಗಲ್ಲ ಅನ್ನೋದೂ ಅವರಿಗೆ ಗೊತ್ತು, ಮೊದಲಿಂದ ಗೊತ್ತು. ಮಾವ, ಇವರಿಗೂ ಗೊತ್ತು. ಡಾಕ್ಟ್ರು ಇವರಿಗೇ ಹೇಳಿದ್ದು. ಇಬ್ಬರೂ ಇನ್ನು ಸುಳ್ಳು ಹೇಳ್ಬೇಡಿ. ನನ್ನ ಕೈಲಾಗಲ್ಲ.”

ವ್ಯಾನು ಮತ್ತೊಮ್ಮೆ ಹಾರ್ನ್ ಹೊಡೆಯಿತು. ಗಂಡ ಕಿಟಕಿಯ ಅಂಚನ್ನು ಹಿಡಿದು ಹಾಗೇ ನಿಂತ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಮಾವನಿಗೆ ಅದು ಕಾಣಿಸಲಿಲ್ಲ, ಆದರೆ ಮೂಗು ಸೇದಿದ್ದು ಕೇಳಿಸಿರಬೇಕು.

“ಅಳ್ಬೇಡ ಕಣೋ, ಬೀದೀಲಿ” ಎಂದರು ಮೆಲ್ಲಗೆ. “ನೀನು ಅಳ್ತೀಯ ಅಂತಾನೇ ಹೇಳಿರಲಿಲ್ಲ.”

“ರೋಡಿಗೆ ಅಡ್ಡ ನಿಂತಿದೀವಿ ತಾತ” ಎಂದಳು ಮೊಮ್ಮಗಳು, ಅವರ ತೋಳು ಮುಟ್ಟಿ. “ಕಾರು ಪಕ್ಕಕ್ಕೆ ತಳ್ಳಬೇಕು. ಹ್ಯಾಂಡ್‌ಬ್ರೇಕ್ ಬಿಡಿ.”

ಮಾವ ಬಿಡಲಿಲ್ಲ. ಸೊಸೆಯ ಕಡೆ ಮುಖ ತಿರುಗಿಸಿದರು.

“ನೆಲ ಇಳಿಜಾರಾ?”

“ಇಲ್ಲಿ ಸಮ ಇದೆ ಮಾವ.”

“ಸರಿಯಾಗಿ ನೋಡಿದೀಯಾ?”

ಅವಳು ಬಾಗಿಲು ತೆಗೆದು ಇಳಿದು, ಬಗ್ಗಿ ನಾಲ್ಕೂ ಚಕ್ರದ ಕೆಳಗೆ ನೋಡಿ, ಮತ್ತೆ ಬಂದು ಕೂತಳು.

“ನೋಡಿದೆ. ಸಮ ಇದೆ.”

ಮಾವ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಲಿವರನ್ನು ಕೊನೆಯವರೆಗೂ ಇಳಿಸಿ, ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ತಳ್ಳು” ಎಂದರು ಮಗನಿಗೆ. “ಆ ಮೆಕ್ಯಾನಿಕ್ಕನ್ನ ಇನ್ನೊಂದು ಸಲ ಕರಿ. ಸೋಮವಾರ ಬೆಳಿಗ್ಗೆ ಇವಳು ಕೆಲಸಕ್ಕೆ ಹೋಗ್ಬೇಕು.”